ಎಡಗೈ ಅರ್ಧ ಇಂಚು

ಶ್ರೀರಾಂಪುರದ ಅಂಗಡಿ ಮುಚ್ಚಿ
ಗಾಂಧಿಬಜಾರಿನದಕ್ಕೆ ಸೇರಿಸುವುದೆಂದು ತೀರ್ಮಾನವಾದ ಮೇಲೆ
ಮಿಷನ್ನು ಮೂರು, ಇಸ್ತ್ರಿಪೆಟ್ಟಿಗೆ ಒಂದು, ಆಳೆತ್ತರದ ಕನ್ನಡಿ
ಎಲ್ಲ ಒಂದೇ ಟೆಂಪೋದಲ್ಲಿ ಹೋದವು.
ಅಳತೆ ಪುಸ್ತಕ ಮಾತ್ರ ನನ್ನ ಮೇಜಿಗೆ ಬಂತು.
‘ನೀನು ಕಂಪ್ಯೂಟರಿನಲ್ಲಿ ಏನೋ ಮಾಡ್ತೀಯಲ್ಲ,
ಎರಡೂ ಪುಸ್ತಕ ಒಂದು ಮಾಡಿಕೊಡು’
ಅಂದರು ಜ್ಞಾನೋಬ ಮಾವ,
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.
ಇದರಲ್ಲಿ ಕೀ ಯಾವುದು ಮಾವ, ಅಂತ ಕೇಳಿದ್ದಕ್ಕೆ
ಜೇಬು ತಡಕಿ ಷಟರಿನ ಬೀಗದಕೈ ಕೊಟ್ಟರು.

ಹನ್ನೊಂದು ರಾತ್ರಿ ಟೈಪು ಮಾಡಿದೆ.
ಗಿರಾಕಿಗೊಂದು ಆಬ್ಜೆಕ್ಟು.
ಅತ್ತ ಕೀ, ಇತ್ತ ಬೆಲೆ, ನಡುವೆ ಎರಡು ಚುಕ್ಕಿ.
ಕುತ್ತಿಗೆ: ಹದಿನೈದೂವರೆ.
ತೋಳು: ಇಪ್ಪತ್ನಾಲ್ಕು.
ಬಳುಕಿದ ಆವರಣದೊಳಗೆ ಜನ
ಟ್ರಯಲ್ ರೂಮಿನ ಪರದೆ ಹಿಂದೆ ನಿಂತ ಹಾಗೆ ನಿಂತರು,
ಅರ್ಧ ಸಂಕೋಚ, ಅರ್ಧ ಅವಸರ.

ಮೊದಲು ಹೋಲಿಸಿ ನೋಡೋಣ ಅಂತ
ಅವಳಿಗಳನ್ನು ಕರೆದೆ, ಇಮ್ತಿಯಾಜ್, ಇರ್ಫಾನ್.
ಎದೆ ಅದೇ, ಭುಜ ಅದೇ, ತೊಡೆಯ ಸುತ್ತಳತೆಯೂ ಅದೇ.
ಮೂರು ಸಮಚಿಹ್ನೆ ಇಟ್ಟು ಕೇಳಿದೆ, ಇವರಿಬ್ಬರೂ ಒಂದೇನಾ?
ಸುಳ್ಳು, ಅಂತು.
ಒಳಗೆ ಏನಿದೆ ಅಂತ ಅದು ನೋಡುವುದೇ ಇಲ್ಲ,
ನಿಂತ ಜಾಗ ಒಂದೇನಾ ಅಂತ ನೋಡುತ್ತದೆ.
ಮಾವ ನಕ್ಕರು. ‘ಸರಿಯಾಗೇ ಹೇಳಿದೆ ಕಣೆ.
ಇರ್ಫಾನನ ಪ್ಯಾಂಟು ಇಮ್ತಿಯಾಜ್ ಹಾಕಿಕೊಂಡ ದಿನ
ಅವರ ಮನೇಲಿ ಒಲೆ ಹೊತ್ತಲ್ಲ.’

ಹಾಗಾದರೆ ಕೀಗಳನ್ನೇ ಸಾಲಾಗಿ ನಿಲ್ಲಿಸಿ
ಒಂದೊಂದಾಗಿ ತಾಳೆ ನೋಡಬೇಕು.
ಅಲ್ಲೂ ತಕರಾರು.
ಇವರು ಬರೆದದ್ದು ಸೊಂಟ,
ಗಾಂಧಿಬಜಾರಿನ ರುಕ್ಮಾ ಅತ್ತೆ ಬರೆದದ್ದು ನಡು.
ಟೇಪು ಸುತ್ತಿದ್ದು ಒಂದೇ ಕಡೆ,
ಯಂತ್ರದ ಲೆಕ್ಕದಲ್ಲಿ ಪ್ರತಿ ಮನುಷ್ಯನಿಗೂ
ಸೊಂಟವೂ ಇದೆ, ನಡುವೂ ಇದೆ.

ಕೊನೆಗೆ ಮೂರು ಚುಕ್ಕಿ ಇಟ್ಟು ಹಳೆಯದನ್ನು ಬಿಚ್ಚಿದೆ,
ಮೂರು ಚುಕ್ಕಿ ಇಟ್ಟು ಹೊಸದನ್ನು.
ಒಂದೇ ಕೀಗೆ ಇಬ್ಬರು ಬಂದರೆ
ಆಮೇಲೆ ಬಂದವನದೇ ಮಾತು.
ಮುನಿಚೌಡಪ್ಪನವರ ಮೂವತ್ತು ಎದ್ದು ಹೋಯಿತು,
ಮೂವತ್ತೊಂಬತ್ತು ಬಂದು ಕೂತಿತು.
ಮದುವೆಯ ಸೂಟಿನೊಳಗಿದ್ದ ಆ ಕಡ್ಡಿ ಹುಡುಗ
ಒಂದು ಎರರ್ ಕೂಡ ಇಲ್ಲದೆ ಹೋದ.

ಬೆಳಿಗ್ಗೆ ನೋಡಿದರೆ
ನಲವತ್ತು ಜನಕ್ಕೆ ಕುತ್ತಿಗೆಯೇ ಇಲ್ಲ.
ಅತ್ತೆ ಅಳೆಯದೆ ಬಿಟ್ಟ ಕಡೆಯೆಲ್ಲ
ನಾನು ಖಾಲಿ ಅಂತ ತುಂಬಿಸಿದ್ದೆ.
ಖಾಲಿಯೂ ಬೆಲೆಯೇ, ಗೊತ್ತಿರಲಿಲ್ಲ,
ಬಂದು, ಇದ್ದದ್ದನ್ನು ಒರೆಸಿತು.
ಮತ್ತೊಂದು ಸಾಲು ಬರೆದೆ,
ಕೈಯಲ್ಲಿ ಏನೂ ಇಲ್ಲದೆ ಬಂದರೆ
ಹಳೆಯದನ್ನು ಮುಟ್ಟಬೇಡ.

ಎಲ್ಲ ಮುಗಿದು ಕೀಗಳ ಪಟ್ಟಿ ಓದುವಾಗ
ಒಂದು ಕಣ್ಣಿಗೆ ಬಿತ್ತು.
ಸಾವಿರದ ಚಿಲ್ಲರೆ ಜನರಲ್ಲಿ ಒಬ್ಬರಿಗೇ ಇದ್ದ ಕೀ,
ಪೌಲ್ ಮನೋಹರ್, ರೈಲ್ವೆ ಗಾರ್ಡು.
ಎಡಗೈ: ಅರ್ಧ ಇಂಚು ಕಮ್ಮಿ. ಹೇಳಬಾರದು.
ಅದಕ್ಕೆ ಎದುರಾಳಿ ಯಾರೂ ಇರಲಿಲ್ಲ,
ಹಾಗಾಗಿ ಸುಮ್ಮನೆ ದಾಟಿ ಬಂದಿತ್ತು.

‘ಅವರಿಗೆ ಗೊತ್ತಾ ಮಾವ?’
‘ಕೇಳಿಲ್ಲ.’
‘ಇಪ್ಪತ್ತಾರು ವರ್ಷ?’
‘ಕೋಟು ಸರಿಯಾಗಿ ಕೂತಿದೆ ಅಂತ
ಪ್ರತಿ ಸಲ ಹೇಳ್ತಾರೆ.’

ಡಿಸೆಂಬರಿನಲ್ಲಿ ಅವರು ಗಾಂಧಿಬಜಾರಿಗೆ ಬಂದರು,
ಬೂದು ಬಣ್ಣದ ಬಟ್ಟೆ, ಕಂಕುಳಲ್ಲಿ ಛತ್ರಿ.
ಹೊಸ ಕಟಿಂಗ್ ಮಾಸ್ತರ, ಹುಡುಗ, ನವೀದ್,
ಫೋನಿನಲ್ಲಿ ಅವರ ಹೆಸರು ಒತ್ತಿದ.
ಓದಿದ. ಇನ್ನೊಮ್ಮೆ ಓದಿದ.
ತೆರೆಯನ್ನು ಅಂಗೈಯಿಂದ ಮುಚ್ಚಿ
ಮೇಜಿನ ಮೇಲೆ ಬೋರಲು ಹಾಕಿ
‘ಕೈ ಚಾಚಿ ಸಾರ್’ ಅಂದ.
ಎರಡೂ ತೋಳು ಅಳೆದ, ಬೇಕೋ ಬೇಡವೋ ಎಂಬಂತೆ.
ಸೀಮೆಸುಣ್ಣ ಎಡಕ್ಕೆ ಬಂದಾಗ
ಒಂದು ಕ್ಷಣ ನಿಂತು
ಚೂರು ಒಳಗೆ ಸರಿಯಿತು.